ಮೋಸಂಬಿ ಕಹಿಯಾಯಿತು, ಗ್ಯಾಸ್ ಹಾರಿಹೋಯಿತು: ಜಿಂಜರ್ ಬಿಯರ್ ಕಾಕ್‌ಟೇಲ್ ಕೆಟ್ಟದ್ದೆಲ್ಲಿ?

ಪ್ರಶ್ನೆ: ಮನೆಗೆ ಗೆಳೆಯರು ಬರುವವರಿದ್ದರು. ಜಿಂಜರ್ ಬಿಯರ್ (ಗ್ಯಾಸ್ ಇರುವ ಖಾರದ ಶುಂಠಿ ಪಾನೀಯ) ಹಾಕಿ ಮಸಾಲೆ ಘಮದ ಕಿತ್ತಳೆ ಕಾಕ್‌ಟೇಲ್ ಮಾಡೋಣ ಎಂದುಕೊಂಡೆ. ಕಿತ್ತಳೆ ಸಿಗಲಿಲ್ಲ, ಮೋಸಂಬಿ ತಂದೆ. ಮಧ್ಯಾಹ್ನವೇ ಮಿಕ್ಸಿಯಲ್ಲಿ ರಸ ತೆಗೆದಿಟ್ಟು, ಸಂಜೆ ಆ ರಸಕ್ಕೆ ಸಕ್ಕರೆ, ಚಕ್ಕೆ, ಲವಂಗ, ಏಲಕ್ಕಿ ಪುಡಿ ಹಾಕಿ ಕುದಿಸಿದೆ. ಆರಿದ ಮೇಲೆ ರಮ್, ಐಸ್, ಜಿಂಜರ್ ಬಿಯರ್ ಎಲ್ಲ ಸೇರಿಸಿ ಚೆನ್ನಾಗಿ ಕಲಕಿದೆ. ಕುಡಿದರೆ ಕಹಿ, ಲೋಳೆ, ಗ್ಯಾಸ್ ಸ್ವಲ್ಪವೂ ಇಲ್ಲ. ಎಲ್ಲಿ ತಪ್ಪಾಯಿತು? ಜಿಂಜರ್ ಬಿಯರ್ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ, ತರಿಸಿದರೆ ದುಬಾರಿ. ಮನೆಯಲ್ಲೇ ಹುದುಗಿಸಬಹುದೇ? ತಾಮ್ರದ ಲೋಟದಲ್ಲೇ ಕೊಡಬೇಕು ಅನ್ನುತ್ತಾರಲ್ಲ, ನಿಜವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನೀವು ತಂದ ಸಾಮಾನೆಲ್ಲ ಸರಿಯಾಗಿಯೇ ಇದೆ. ಮಸಾಲೆ ತನ್ನ ಘಮ ಬಿಡಬೇಕಾದರೆ ಬಿಸಿ ಬೇಕು. ಹಣ್ಣಿನ ರಸಕ್ಕೆ ಬಿಸಿ ಆಗಿಬರುವುದಿಲ್ಲ. ಗ್ಯಾಸಿಗೆ ಬಿಸಿಯೂ ಆಗದು, ಅಲುಗಾಟವೂ ಆಗದು. ಈ ಮೂರನ್ನು ಬೇರೆಬೇರೆಯಾಗಿ ಸಿದ್ಧಮಾಡಿಟ್ಟುಕೊಂಡು ಲೋಟದಲ್ಲಿ ಮಾತ್ರ ಸೇರಿಸಬೇಕಿತ್ತು. ನೀವು ಒಂದೇ ಪಾತ್ರೆಯಲ್ಲಿ ಸೇರಿಸಿದಿರಿ, ಹಾಗಾಗಿ ಮೂರೂ ಕೆಟ್ಟವು.

ಮೊದಲು ಕಹಿಯ ವಿಷಯ. ಮೋಸಂಬಿಯ ತೊಳೆಯ ಪೊರೆಯಲ್ಲಿ, ಬೀಜದಲ್ಲಿ ಒಂದು ವಸ್ತು ಇರುತ್ತದೆ. ಹಣ್ಣಿನೊಳಗೆ ಇರುವಷ್ಟು ಹೊತ್ತು ಅದಕ್ಕೆ ಕಹಿ ಇಲ್ಲ. ಹಿಂಡಿದಾಗ ಅದು ಹುಳಿ ರಸದೊಳಗೆ ಬೆರೆತು ನಿಧಾನವಾಗಿ ಲಿಮೊನಿನ್ ಎಂಬ ಕಡುಕಹಿ ಪದಾರ್ಥವಾಗಿ ಬದಲಾಗುತ್ತದೆ. ಅಂಗಡಿಯಲ್ಲಿ ನಿಂತು ಕುಡಿದರೆ ಸಿಹಿಯಾಗಿರುವ ಮೋಸಂಬಿ ಜ್ಯೂಸು ಪಾರ್ಸೆಲ್ ಕಟ್ಟಿಸಿ ಮನೆಗೆ ತರುವಷ್ಟರಲ್ಲಿ ಕಹಿಯಾಗುವುದು ಇದರಿಂದಲೇ. ಬಿಸಿ ಮಾಡಿದರೆ ಈ ಬದಲಾವಣೆ ಇನ್ನೂ ಬೇಗ ಆಗುತ್ತದೆ. ಮಿಕ್ಸಿಯಲ್ಲಿ ತಿರುವಿದಾಗ ಬೀಜ, ಪೊರೆ, ಬಿಳಿ ಪದರ ಎಲ್ಲ ಅರೆದು ರಸದೊಳಗೆ ಇಳಿಯುತ್ತದೆ. ನೀವು ಮಿಕ್ಸಿ ಹಾಕಿ, ಗಂಟೆಗಟ್ಟಲೆ ಇಟ್ಟು, ಮೇಲೆ ಕುದಿಸಿಯೂ ಬಿಟ್ಟಿರಿ. ಒಮ್ಮೆ ಹುಟ್ಟಿದ ಲಿಮೊನಿನ್ ಎಷ್ಟು ಸಕ್ಕರೆ ಸುರಿದರೂ ಹೋಗುವುದಿಲ್ಲ, ಸಿಹಿಯ ಹಿಂದೆಯೇ ಗಂಟಲಲ್ಲಿ ನಿಂತಿರುತ್ತದೆ.

ಮೋಸಂಬಿಯೇ ಗತಿ ಎಂದಾದರೆ ಅಡ್ಡಕ್ಕೆ ಕತ್ತರಿಸಿ ಕೈ ಹಿಂಡುಕದಲ್ಲಿ ಹಗುರವಾಗಿ ಹಿಂಡಿ, ಸೋಸಿ, ಹತ್ತು ಹದಿನೈದು ನಿಮಿಷದೊಳಗೆ ಲೋಟಕ್ಕೆ ಹಾಕಿ. ಸಿಪ್ಪೆ ಮಗುಚಿಕೊಳ್ಳುವವರೆಗೆ ಒತ್ತಬೇಡಿ. ನಾಗಪುರ ಕಿತ್ತಳೆಯಾಗಲಿ ಕೊಡಗಿನ ಕಿತ್ತಳೆಯಾಗಲಿ ಸಿಕ್ಕರೆ ಅದೇ ವಾಸಿ. ಅದರಲ್ಲಿ ಈ ಕಾಟ ಸಾಮಾನ್ಯವಾಗಿ ಕಡಿಮೆ, ಸಿಪ್ಪೆಯ ಎಣ್ಣೆಯ ಘಮವೂ ಮಸಾಲೆಗೆ ಚೆನ್ನಾಗಿ ಹೊಂದುತ್ತದೆ. ಕಿನ್ನೋ ಎಂದು ಮಾರುವ ಹೊಳಪಿನ ಹಣ್ಣು ಮಾತ್ರ ಮೋಸಂಬಿಯ ಹಾಗೆಯೇ ಕಹಿಯಾಗುತ್ತದೆ, ಎಚ್ಚರ. ಚಕ್ಕೋತದ ಕಹಿ ಬೇರೆ ಬಗೆಯದು. ಅದು ಹಣ್ಣಿನಲ್ಲಿ ಮೊದಲಿನಿಂದಲೂ ಇರುವ ನರಿಂಜಿನ್. ತೊಳೆಯ ಪೊರೆ ಪೂರ್ತಿ ಬಿಡಿಸಿ ಒಳಗಿನ ಎಸಳನ್ನಷ್ಟೇ ಹಿಂಡಿದರೆ ಹಿತವಾಗಿರುತ್ತದೆ. ಆದರೆ ಬಂದವರಲ್ಲಿ ಕೊಲೆಸ್ಟರಾಲ್‌ಗೋ ಬಿ.ಪಿ.ಗೋ ಮಾತ್ರೆ ನುಂಗುವವರಿದ್ದರೆ ಅವರಿಗೆ ಚಕ್ಕೋತ ಬೇಡ. ದ್ರಾಕ್ಷಿಹಣ್ಣು ಎಂದು ತಪ್ಪಾಗಿ ಅನುವಾದವಾಗುವ ಗ್ರೇಪ್‌ಫ್ರೂಟಿನ ಹಾಗೆ ಚಕ್ಕೋತವೂ ಕೆಲವು ಮಾತ್ರೆಗಳ ಔಷಧಿಯನ್ನು ದೇಹ ಒಡೆದು ಹೊರಹಾಕುವುದನ್ನು ತಡೆಯುತ್ತದೆ.

ಕಿತ್ತಳೆ ಜಾತಿಯ ಹಣ್ಣು ಘಮ ಕೊಡುತ್ತದೆ, ಹುಳಿ ಕೊಡುವುದಿಲ್ಲ. ಕಿತ್ತಳೆ ರಸದಲ್ಲಿ ಆಮ್ಲ ಶೇಕಡಾ 1ರ ಆಸುಪಾಸು, ನಿಂಬೆ ರಸದಲ್ಲಿ ಶೇಕಡಾ 6ರ ಆಸುಪಾಸು. ಆದ್ದರಿಂದ ನಿಂಬೆ ಇಲ್ಲದೆ ಈ ಪಾನೀಯ ನಿಲ್ಲುವುದಿಲ್ಲ, ಬರೀ ಸಿಹಿ ಶರಬತ್ತಾಗುತ್ತದೆ. ತೆಳು ಸಿಪ್ಪೆಯ ವಿಜಯಪುರದ ನಿಂಬೆ ನಿಮಗೆ ಹತ್ತಿರವೇ ಸಿಗುತ್ತದೆ, ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ನಿಂಬೆ ರಸ ಮೋಸಂಬಿಯಷ್ಟು ನಾಜೂಕಲ್ಲ, ಮೂರು ನಾಲ್ಕು ಗಂಟೆ ಫ್ರಿಜ್‌ನಲ್ಲಿ ತಡೆಯುತ್ತದೆ. ಹೇರಳೆಕಾಯಿ ಸಿಕ್ಕರೆ ಅದರ ರಸಕ್ಕಿಂತ ಸಿಪ್ಪೆ ಉಪಯೋಗ. ಅದನ್ನು ಎಲ್ಲಿ ಹಾಕಬೇಕೆಂದು ಮುಂದೆ ಹೇಳುತ್ತೇನೆ.

ಈಗ ಲೋಳೆ. ಕಿರಾಣಿ ಅಂಗಡಿಯಲ್ಲಿ ಚಕ್ಕೆ ಎಂದು ಕೊಡುವ ದಪ್ಪ, ಗಟ್ಟಿ ತೊಗಟೆ ಸಾಮಾನ್ಯವಾಗಿ ಕ್ಯಾಸಿಯಾ, ದಾಲ್ಚಿನ್ನಿಯ ಹತ್ತಿರದ ಇನ್ನೊಂದು ಜಾತಿ. ಅದರಲ್ಲಿ ಅಂಟಿನ ಅಂಶ ಹೆಚ್ಚು. ಬಹಳ ಹೊತ್ತು ಕುದಿಸಿದರೆ, ಇಲ್ಲವೇ ಪಾಕದಲ್ಲೇ ರಾತ್ರಿಯಿಡೀ ಬಿಟ್ಟರೆ ದ್ರವ ಎಳೆಎಳೆಯಾಗುತ್ತದೆ, ಚಮಚ ಎತ್ತಿದರೆ ಲೋಳೆಸರದ ರಸದಂತೆ ಜೋತುಬೀಳುತ್ತದೆ. ಪುಡಿ ಹಾಕಿದರಂತೂ ಕೇಳುವುದೇ ಬೇಡ. ಲೋಳೆ ಬೇಗ ಬಿಡುತ್ತದೆ, ತಳದಲ್ಲಿ ಕೆಸರು ನಿಲ್ಲುತ್ತದೆ. ಆ ಪುಡಿಯ ಒಂದೊಂದು ಕಣದ ಮೇಲೂ ಗ್ಯಾಸಿನ ಗುಳ್ಳೆ ಹುಟ್ಟಿ ಜಿಂಜರ್ ಬಿಯರ್ ಸುರಿದ ಕೂಡಲೇ ನೊರೆಯಾಗಿ ಉಕ್ಕಿ ಖಾಲಿಯಾಗುತ್ತದೆ. ನಿಮ್ಮ ಗ್ಯಾಸ್ ಅರ್ಧ ಹೋದದ್ದು ಏಲಕ್ಕಿ ಪುಡಿಯಿಂದ ಎಂದರೆ ಉತ್ಪ್ರೇಕ್ಷೆಯಲ್ಲ.

ಮಸಾಲೆಯನ್ನು ನೀರಿನಲ್ಲಿ, ಇಡಿಯಾಗಿ, ಬೇರೆಯಾಗಿ ಬೇಯಿಸಿ ಸಿರಪ್ ಮಾಡಿಟ್ಟುಕೊಳ್ಳಿ. ಸಕ್ಕರೆ 125 ಗ್ರಾಂ, ನೀರು 150 ಮಿಲಿ. ಚಕ್ಕೆ 8 ಗ್ರಾಂ, ಅಂದರೆ ಎರಡು ಅಂಗುಲದ ಎರಡು ಮೂರು ತುಂಡು, ಕೈಯಲ್ಲಿ ಮುರಿದು. ಲವಂಗ 6, ಅನಾನಸ್ ಮೊಗ್ಗು 1, ಕಾಳುಮೆಣಸು 10, ಏಲಕ್ಕಿ 4. ಮೆಣಸನ್ನು ಒಂದೇ ಏಟಿಗೆ ಒಡೆಯಿರಿ, ಪುಡಿ ಮಾಡಬೇಡಿ. ಏಲಕ್ಕಿ ಬಿಟ್ಟು ಉಳಿದದ್ದನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ವಾಸನೆ ಏಳುವಷ್ಟು, ಹೆಚ್ಚೆಂದರೆ ಒಂದು ನಿಮಿಷ ಬಿಸಿ ಮಾಡಿ ನೀರು ಹಾಕಿ. ಮುಚ್ಚಳ ಮುಚ್ಚಿ ಸಣ್ಣಗೆ ಎಂಟು ನಿಮಿಷ ಬೇಯಲಿ. ಮುಚ್ಚಳ ಮರೆಯಬೇಡಿ: ಮನೆಯೆಲ್ಲ ಘಮಘಮ ಎಂದರೆ ಆ ಘಮ ಪಾತ್ರೆಯಲ್ಲಿ ಇಲ್ಲ ಎಂದೇ ಅರ್ಥ. ಒಲೆ ಆರಿಸಿ ಸಕ್ಕರೆ ಕರಗಿಸಿ, ಆಮೇಲೆ ಏಲಕ್ಕಿಯನ್ನು ಬಿರಿಯುವಂತೆ ಜಜ್ಜಿ ಹಾಕಿ. ಇಪ್ಪತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ. ಇನ್ನೂ ಗಟ್ಟಿಯಾಗಲಿ ಎಂದು ಮಸಾಲೆಯನ್ನು ಒಳಗೇ ಬಿಡುವ ಆಸೆ ಬರುತ್ತದೆ. ಬಿಟ್ಟರೆ ಲವಂಗ ಉಳಿದೆಲ್ಲವನ್ನೂ ನುಂಗಿ ನಾಲಿಗೆ ಜೋಮು ಹಿಡಿಸುತ್ತದೆ, ಹಲ್ಲುನೋವಿನ ಔಷಧಿಯ ರುಚಿ ಬರುತ್ತದೆ.

ಸಿರಪ್ ಪೂರ್ತಿ ತಣ್ಣಗಾದ ಮೇಲೆ ಸಿಪ್ಪೆಯ ಸರದಿ. ಒಂದು ಕಿತ್ತಳೆಯ ಅಥವಾ ಅರ್ಧ ಹೇರಳೆಕಾಯಿಯ ಸಿಪ್ಪೆಯನ್ನು ಬಿಳಿ ಪದರ ಬಾರದ ಹಾಗೆ ತೆಳ್ಳಗೆ ಹೆರೆದು, ಎರಡು ಚಮಚ ಸಕ್ಕರೆಯೊಂದಿಗೆ ಬೆರಳಲ್ಲಿ ತಿಕ್ಕಿ ಮುಚ್ಚಿಡಿ. ಎರಡು ಗಂಟೆಯಲ್ಲಿ ಸಕ್ಕರೆ ಒದ್ದೆಯಾಗಿ ಎಣ್ಣೆ ಬಿಟ್ಟಿರುತ್ತದೆ. ಅದನ್ನು ಸಿರಪ್‌ಗೆ ಕಲಸಿ ಮತ್ತೆ ಸೋಸಿ. ರಸ ಕುದಿಸಿ ನೀವು ಪಡೆಯಲು ಹೋದ ಹಣ್ಣಿನ ಘಮ ನಿಜವಾಗಿ ಸಿಗುವುದು ಇಲ್ಲಿ. ಫ್ರಿಜ್‌ನಲ್ಲಿ ಎರಡು ವಾರ ಇರುತ್ತದೆ. ತಣ್ಣಗಾದಾಗ ಸ್ವಲ್ಪ ಮಬ್ಬಾದರೆ ಹೆದರಬೇಡಿ, ಅನಾನಸ್ ಮೊಗ್ಗಿನ ಎಣ್ಣೆ ತಣ್ಣನೆಯ ನೀರಿನಲ್ಲಿ ಕರಗದೆ ಹಾಗೆ ಕಾಣುತ್ತದೆ.

ಜಿಂಜರ್ ಬಿಯರ್ ಬಗ್ಗೆ ಒಂದು ಗೊಂದಲ ಎಲ್ಲ ಕಡೆ ಇದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಕ್ಯಾನು ಜಿಂಜರ್ ಏಲ್, ಬಿಯರ್ ಅಲ್ಲ. ಏಲ್ ಎಂದರೆ ಶುಂಠಿಯ ವಾಸನೆಯ ಸಿಹಿ ಸೋಡಾ, ಖಾರ ಇಲ್ಲ. ಜಿಂಜರ್ ಬಿಯರ್ ಮಬ್ಬಾಗಿ, ಗಂಟಲು ಸುಡುವಷ್ಟು ಖಾರವಾಗಿ ಇರಬೇಕು. ಇಂಗ್ಲೆಂಡಿನಲ್ಲಿ ಹುದುಗಿಸಿ ಮಾಡುತ್ತಿದ್ದ ಪಾನೀಯ ಅದು. ಈಗ ಆಸ್ಟ್ರೇಲಿಯಾದ ಬುಂಡಬರ್ಗ್‌ನಂಥ ಕೆಲವರು ಹುದುಗಿಸಿಯೇ ಮಾಡುತ್ತಾರೆ, ಬಹಳಷ್ಟು ಕಂಪನಿಗಳು ಶುಂಠಿ ಸಾರಕ್ಕೆ ಗ್ಯಾಸ್ ತುಂಬಿ ಮಾರುತ್ತವೆ. ಎರಡನ್ನೂ ತಂಪುಪಾನೀಯವಾಗಿಯೇ ಮಾರುವುದು. ಏಲ್ ಕ್ಯಾನೇ ಕೈಯಲ್ಲಿದ್ದರೆ 110 ಮಿಲಿಗೆ ಒಂದು ಟೀ ಚಮಚ ಹಸಿ ಶುಂಠಿ ರಸ ಸೇರಿಸಿ, ಕೆಲಸ ನಡೆಯುತ್ತದೆ.

ಹುದುಗಿಸುವ ಪ್ರಶ್ನೆಗೆ ನನ್ನ ಉತ್ತರ: ಕಾಕ್‌ಟೇಲಿಗಾಗಿ ಬೇಡ. ಲೆಕ್ಕ ನೋಡಿ. ಒಂದು ಲೀಟರ್ ಪಾನೀಯಕ್ಕೆ ಒಳ್ಳೆಯ ಗ್ಯಾಸ್ ಬೇಕೆಂದರೆ 6ರಿಂದ 8 ಗ್ರಾಂ ಕಾರ್ಬನ್ ಡೈಆಕ್ಸೈಡ್ ಕರಗಬೇಕು. ಯೀಸ್ಟ್ ಒಂದು ಗ್ರಾಂ ಸಕ್ಕರೆ ತಿಂದರೆ ಸರಿಸುಮಾರು ಅರ್ಧ ಗ್ರಾಂ ಗ್ಯಾಸ್, ಅರ್ಧ ಗ್ರಾಂ ಆಲ್ಕೊಹಾಲ್ ಆಗುತ್ತದೆ. ಅಂದರೆ ಗ್ಯಾಸಿಗೆ ಬೇಕಾದ ಸಕ್ಕರೆ 12ರಿಂದ 16 ಗ್ರಾಂ ಮಾತ್ರ. ಆದರೆ ರುಚಿಗಾಗಿ ನಾವು ಹಾಕಿರುವುದು 80ರಿಂದ 100 ಗ್ರಾಂ! ಗ್ಯಾಸ್ ಸಾಕಾಯಿತು ಎಂದು ಯೀಸ್ಟ್ ನಿಲ್ಲುವುದಿಲ್ಲ, ಉಳಿದ ಸಕ್ಕರೆಯನ್ನೂ ತಿನ್ನುತ್ತಲೇ ಇರುತ್ತದೆ, ಬಿಗಿ ಮುಚ್ಚಿದ ಗಾಜಿನ ಬಾಟಲಿ ಒಂದು ಹಂತದಲ್ಲಿ ಸಿಡಿಯುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಅದಕ್ಕೆ ಬಹಳ ದಿನ ಬೇಕಾಗಿಲ್ಲ. ಮೇಲಾಗಿ ಗ್ಯಾಸ್ ಸರಿಯಾಗಿ ಬಂದಾಗಲೇ ಶೇಕಡಾ 1ರ ಹತ್ತಿರ ಆಲ್ಕೊಹಾಲ್ ಹುಟ್ಟಿರುತ್ತದೆ, ಬಿಟ್ಟಷ್ಟೂ ಏರುತ್ತದೆ. ಶುಂಠಿ ನೀರು ತಾನೇ ಎಂದು ಮಕ್ಕಳಿಗೆ ಕೊಡುವ ವಸ್ತುವಲ್ಲ. ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ ಎಂಬುದೂ ನೆನಪಿರಲಿ. ಇಷ್ಟೆಲ್ಲ ಮಾಡಿದರೂ ಹುದುಗಿನ ನವಿರಾದ ವಾಸನೆ ರಮ್, ಲವಂಗದ ಮುಂದೆ ಗೊತ್ತೇ ಆಗುವುದಿಲ್ಲ.

ಇದರ ಬದಲು ಹಸಿ ಶುಂಠಿ ಸಿರಪ್ಪೂ ಬಾಟಲಿ ಸೋಡಾವೂ ಸಾಕು. ಇಲ್ಲಿ ಶುಂಠಿಯನ್ನು ಕುದಿಸಬಾರದು. ಹಸಿ ಶುಂಠಿಯ ಖಾರ ಜಿಂಜರಾಲ್‌ನದು. ಕುದಿಸಿದರೆ ಅದರ ಒಂದು ಪಾಲು ಜಿಂಜರೋನ್ ಎಂಬ ಮೆತ್ತನೆಯ, ಸಿಹಿ ವಾಸನೆಯ ವಸ್ತುವಾಗುತ್ತದೆ. ಕಷಾಯದ ಹಿತ ಬರುತ್ತದೆ, ಜಿಂಜರ್ ಬಿಯರಿನ ಏಟು ಬರುವುದಿಲ್ಲ. ಒಣಶುಂಠಿ ಖಾರವೇನೋ ಹೌದು, ಆದರೆ ತಾಜಾ ವಾಸನೆ ಇಲ್ಲ.

ಬಲಿತ ಶುಂಠಿ 250 ಗ್ರಾಂ ತೊಳೆದು, ಮಣ್ಣು ಹೋಗುವಂತೆ ಉಜ್ಜಿ, ಸಣ್ಣಗೆ ತುರಿದು ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಸುಮಾರು 100 ಮಿಲಿ ರಸ ಬರುತ್ತದೆ. ಸಂತೆಯಲ್ಲಿ ರಿಗೋಡಿ ತಳಿ ಸಿಕ್ಕರೆ ರಸ ಹೆಚ್ಚು, ನಾರು ಕಡಿಮೆ. ಮಿಕ್ಸಿಗೆ ಹಾಕುವುದಾದರೆ ನೀರು ಎರಡು ಮೂರು ಚಮಚ ಮೀರದಿರಲಿ. ರಸವನ್ನು ಗಾಜಿನ ಲೋಟದಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಸುಣ್ಣದಂಥ ಬಿಳಿ ಗಸಿ ಗಟ್ಟಿಯಾಗಿ ಕೂರುತ್ತದೆ, ಅದು ಶುಂಠಿಯ ಪಿಷ್ಟ. ಮೇಲಿನ ಹಳದಿ ರಸವನ್ನಷ್ಟೇ ಮೆಲ್ಲಗೆ ಬಗ್ಗಿಸಿಕೊಳ್ಳಿ. ಗಸಿ ಸೇರಿದರೆ ಸೋಡಾ ಹಾಕಿದಾಗ ಉಕ್ಕುತ್ತದೆ, ಬಾಯಲ್ಲಿ ಹಿಟ್ಟು ಹಿಟ್ಟಾಗುತ್ತದೆ. 100 ಮಿಲಿ ತಿಳಿರಸಕ್ಕೆ 150 ಗ್ರಾಂ ಸಕ್ಕರೆ ಹಾಕಿ, ಒಲೆಗೆ ಇಡದೆ, ಕರಗುವವರೆಗೆ ಆಗಾಗ ಕಲಕುತ್ತಿರಿ. ಹನ್ನೆರಡು ಲೋಟಕ್ಕೆ ಸಾಕಾಗುವ ಸಿರಪ್ ಇದು. 15 ಮಿಲಿ ಸಿರಪ್‌ಗೆ 95 ಮಿಲಿ ಐಸಿನಂಥ ತಣ್ಣನೆ ಸೋಡಾ ಸೇರಿದರೆ 110 ಮಿಲಿ ಜಿಂಜರ್ ಬಿಯರ್. ಫ್ರಿಜ್‌ನಲ್ಲಿ ನಾಲ್ಕೈದು ದಿನದೊಳಗೆ ಮುಗಿಸಿ, ಕೆಡುವುದಕ್ಕಿಂತ ಮೊದಲು ಖಾರ ಇಳಿಯುತ್ತದೆ.

ಇನ್ನು ಒಂದು ಲೋಟದ ಅಳತೆ. ರಮ್ 45 ಮಿಲಿ, ಕಿತ್ತಳೆ ರಸ 30 ಮಿಲಿ, ನಿಂಬೆ ರಸ 15 ಮಿಲಿ, ಮಸಾಲೆ ಸಿರಪ್ 10 ಮಿಲಿ, ಜಿಂಜರ್ ಬಿಯರ್ 110 ಮಿಲಿ, ಒಂದು ಚಿಟಿಕೆ ಉಪ್ಪು. ಉಪ್ಪು ಉಪ್ಪಾಗಿ ಗೊತ್ತಾಗಬಾರದು, ಕಹಿಯನ್ನು ತಗ್ಗಿಸಿ ಹಣ್ಣನ್ನು ಮುಂದೆ ತರುವಷ್ಟೇ ಅದರ ಕೆಲಸ. ಐಸ್ ಕರಗಿದ ನೀರೂ ಸೇರಿ 240 ಮಿಲಿ ಆಸುಪಾಸಿನ ಪಾನೀಯ, ಆಲ್ಕೊಹಾಲ್ ಶೇಕಡಾ 8ರಷ್ಟು. ಸ್ಟ್ರಾಂಗ್ ಬಿಯರಿನ ಮಟ್ಟ, ಆದರೆ ಶರಬತ್ತಿನಂತೆ ಇಳಿಯುತ್ತದೆ. ಆದ್ದರಿಂದಲೇ 60ರ ಪೆಗ್ ಬೇಡ, 45 ಸಾಕು ಎನ್ನುವುದು. 60 ಹಾಕಿದರೆ ಸ್ಪಿರಿಟ್ಟಿನ ಸುಡು, ಶುಂಠಿಯ ಸುಡು ಒಂದರ ಮೇಲೊಂದು ಬಿದ್ದು ಹಣ್ಣು ಸತ್ತುಹೋಗುತ್ತದೆ.

ಯಾವ ರಮ್? ಓಲ್ಡ್ ಮಾಂಕ್‌ನಲ್ಲಿ ವೆನಿಲಾ ಛಾಯೆ ಮೊದಲೇ ಇದೆ. ಅದಾದರೆ ಮಸಾಲೆ ಸಿರಪ್ 7 ಮಿಲಿಗೆ ಇಳಿಸಿ, ನಿಂಬೆ ತುಸು ಏರಿಸಿ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಟೂ ಇಂಡೀಸ್‌ನಲ್ಲಿ ಬೆಲ್ಲದ ಮೂಲದ ಸ್ಪಿರಿಟ್ ಇದೆ. ಅದಕ್ಕೆ ಶುಂಠಿ, ಕಿತ್ತಳೆ ಎರಡೂ ಚೆನ್ನಾಗಿ ಒಗ್ಗುತ್ತವೆ, ನನ್ನ ಮೊದಲ ಆಯ್ಕೆ ಅದೇ. ವೋಡ್ಕಾ ಹಾಕಿದರೆ ಮಸಾಲೆ ಹೆಚ್ಚು ಸ್ಪಷ್ಟ, ಮೈ ಮಾತ್ರ ತೆಳು. ಮಸಾಲೆ ಹಾಕಿದ್ದು ಎಂದು ಮಾರುವ ರಮ್ಮಿಗೆ ಮತ್ತೆ ಮಸಾಲೆ ಸಿರಪ್ ಸುರಿಯುವುದು ದಂಡ.

ಸೇರಿಸುವ ಕ್ರಮದಲ್ಲಿ ಅವಸರ ಬೇಡ. ನೀರಿನಲ್ಲಿ 25 ಡಿಗ್ರಿಯಲ್ಲಿ ಕರಗುವ ಗ್ಯಾಸ್ 5 ಡಿಗ್ರಿಯಲ್ಲಿ ಕರಗುವುದರ ಸುಮಾರು ಅರ್ಧ. ಕೋಣೆಯ ಬಿಸಿಯಲ್ಲಿದ್ದ ಸೋಡಾ ಬಾಟಲಿಯನ್ನು ಐಸ್ ಮೇಲೆ ಸುರಿದರೆ ತಣ್ಣಗಾಗುವ ಮೊದಲೇ ಗ್ಯಾಸ್ ಹಾರಿರುತ್ತದೆ. ಸೋಡಾ ಅಥವಾ ಜಿಂಜರ್ ಬಿಯರ್ ಹಿಂದಿನ ರಾತ್ರಿಯೇ ಫ್ರಿಜ್ ಸೇರಲಿ, ಲೋಟಗಳೂ ಅರ್ಧ ಗಂಟೆ ಮೊದಲು ಫ್ರೀಜರ್‌ನಲ್ಲಿರಲಿ. ರಮ್, ಎರಡೂ ರಸ, ಮಸಾಲೆ ಸಿರಪ್, ಉಪ್ಪು, ಮನೆಯಲ್ಲಿ ಮಾಡಿದ್ದಾದರೆ ಶುಂಠಿ ಸಿರಪ್ಪನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ತುಂಡು ಐಸ್ ಜೊತೆ ಆರೇಳು ಸೆಕೆಂಡು ಕುಲುಕಿ. ಹೊರಮೈ ಬೆವರಿದರೆ ಸಾಕು. ಡಬ್ಬಿಯೊಳಗೆ ಸೋಡಾ ಮಾತ್ರ ಬೀಳಬಾರದು, ಮುಚ್ಚಳ ಸಿಡಿದು ಗೋಡೆಗೆ ಬಣ್ಣ ಬಳಿಯಬೇಕಾಗುತ್ತದೆ.

ಲೋಟಕ್ಕೆ ಹೊಸ ಐಸ್ ತುಂಬಿ. ಎರಡು ತುಂಡು ತೇಲಿಸುವುದಲ್ಲ, ಅಂಚಿನವರೆಗೆ. ಐಸ್ ಕಡಿಮೆ ಹಾಕಿದರೆ ನೀರು ಕಡಿಮೆ ಆಗುತ್ತದೆ ಎಂಬುದು ತಪ್ಪು ಲೆಕ್ಕ. ಕಡಿಮೆ ಐಸ್ ಬೇಗ ಕರಗಿ ಪಾನೀಯ ನೀರು ನೀರಾಗುತ್ತದೆ. ಬೋಗುಣಿಯಲ್ಲಿ ಹೊರಗಿಟ್ಟು ಒದ್ದೆಯಾದ ಐಸ್ ಇದಕ್ಕೆ ಬಾರದು, ಫ್ರೀಜರಿನಿಂದ ನೇರ ಲೋಟಕ್ಕೆ ಬರಬೇಕು. ಮೇಲೆ ಡಬ್ಬಿಯಲ್ಲಿದ್ದದ್ದನ್ನು ಸೋಸಿ ಹಾಕಿ. ಹಣ್ಣಿನ ತಿರುಳಿದ್ದರೆ ಅದೂ ಗುಳ್ಳೆಗಳನ್ನು ಎಬ್ಬಿಸುತ್ತದೆ, ಆದ್ದರಿಂದ ಚಹಾ ಸೋಸುಕದಲ್ಲಿ ಇನ್ನೊಮ್ಮೆ ಸೋಸಿದರೂ ನಷ್ಟವಿಲ್ಲ. ಕೊನೆಗೆ ಲೋಟ ಓರೆ ಹಿಡಿದು ಒಳಗೋಡೆಯ ಮೇಲೆ ಹರಿಯುವಂತೆ ಜಿಂಜರ್ ಬಿಯರ್ ಅಥವಾ ಸೋಡಾ ಇಳಿಸಿ. ಉದ್ದ ಚಮಚವನ್ನು ತಳಕ್ಕೆ ಬಿಟ್ಟು ಒಮ್ಮೆ ಮೇಲಕ್ಕೆತ್ತಿ, ಅಷ್ಟೇ ಕಲಕು. ಸಿಪ್ಪೆಯ ಒಂದು ಪಟ್ಟಿಯನ್ನು ಲೋಟದ ಮೇಲೆ ಹಿಡಿದು ತಿರುಚಿ, ಎಣ್ಣೆಯ ತುಂತುರು ಮೇಲ್ಮೈಗೆ ಬೀಳಲಿ.

ಮೊದಲ ಲೋಟ ನೀವೇ ರುಚಿ ನೋಡಿ. ಸಪ್ಪೆ ಅನಿಸಿದರೆ ತಕ್ಷಣ ಸಿರಪ್ ಬಾಟಲಿಗೆ ಕೈ ಹಾಕಬೇಡಿ, ಸಾಮಾನ್ಯವಾಗಿ ಕೊರತೆ ಇರುವುದು ನಿಂಬೆಯದು. ಐದು ಮಿಲಿ ನಿಂಬೆ ಹಾಕಿ ನೋಡಿ, ಹೆಚ್ಚಿನ ಸಲ ಅಲ್ಲಿಗೆ ಸರಿಹೋಗುತ್ತದೆ. ಖಾರ ಸಾಲದಿದ್ದರೆ ಶುಂಠಿ ರಸ ಹನಿಸಿ, ಸಿರಪ್ ಬೇಡ.

ತಾಮ್ರದ ಲೋಟದ ರೂಢಿ ಬಂದದ್ದು ವೋಡ್ಕಾ, ನಿಂಬೆ, ಜಿಂಜರ್ ಬಿಯರಿನ ಮಾಸ್ಕೋ ಮ್ಯೂಲ್‌ನಿಂದ. ಅದು 1940ರ ದಶಕದಲ್ಲಿ ಅಮೆರಿಕದಲ್ಲಿ ಹೆಸರು ಮಾಡಿದ ಪಾನೀಯ, ಹೆಸರಷ್ಟೇ ರಷ್ಯದ್ದು. ರಮ್ ಹಾಕಿದ ಇದರ ಸೋದರ ಬರ್ಮುಡಾದ ಡಾರ್ಕ್ ಅಂಡ್ ಸ್ಟಾರ್ಮಿ, ಅದನ್ನು ಗಾಜಿನ ಲೋಟದಲ್ಲೇ ಕೊಡುತ್ತಾರೆ. ನೀರು ಕುಡಿಯಲು ಮನೆಯಲ್ಲಿಟ್ಟ ಅಪ್ಪಟ ತಾಮ್ರದ ಲೋಟವನ್ನು ಇದಕ್ಕೆ ಬಳಸಲೇಬೇಡಿ. ನಿಂಬೆಯ ಹುಳಿ ತಾಮ್ರವನ್ನು ಕರಗಿಸುತ್ತದೆ, ಬಾಯಿ ಕಿಲುಬಾಗುತ್ತದೆ, ಹೊಟ್ಟೆ ತೊಳಸುತ್ತದೆ. ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 6ಕ್ಕಿಂತ ಕಡಿಮೆ ಇರುವ ಆಹಾರವನ್ನು ತಾಮ್ರಕ್ಕೆ ತಾಗಿಸಬಾರದು ಎಂದು ಅಮೆರಿಕದ ಆಹಾರ ಸುರಕ್ಷತಾ ಸಂಹಿತೆಯೇ ಹೇಳುತ್ತದೆ, ಈ ಪಾನೀಯದ ಪಿಎಚ್ ಅದಕ್ಕಿಂತ ಬಹಳ ಕೆಳಗೆ. ಒಳಗೆ ಸ್ಟೀಲ್ ಪದರ ಇದ್ದರೆ ಅಡ್ಡಿಯಿಲ್ಲ.

ಎಂಟು ಜನ ಬರುತ್ತಾರೆ ಎಂದರೆ ರಮ್ 360 ಮಿಲಿ, ಮಸಾಲೆ ಸಿರಪ್ 80 ಮಿಲಿ ಹಿಂದಿನ ದಿನವೇ ಒಂದು ಬಾಟಲಿಯಲ್ಲಿ ಬೆರೆಸಿ ಫ್ರಿಜ್‌ನಲ್ಲಿಡಿ, ಇದು ಕೆಡುವುದಿಲ್ಲ. ನಿಂಬೆ ಸಂಜೆ ಹಿಂಡಿ. ಕಿತ್ತಳೆಯನ್ನು ಜನ ಕೂತ ಮೇಲೆ ಹಿಂಡಿ. ಆಮೇಲೆ ಒಂದೊಂದು ಲೋಟಕ್ಕೆ ಬಾಟಲಿಯದು 55 ಮಿಲಿ, ರಸಗಳೆರಡೂ ಸೇರಿ 45 ಮಿಲಿ. ಗ್ಯಾಸಿನದ್ದನ್ನು ಮಾತ್ರ ಜಗ್ಗಿನಲ್ಲಿ ಒಟ್ಟಿಗೆ ಬೆರೆಸಿಡಬೇಡಿ, ಲೋಟಕ್ಕೇ ಸುರಿಯಿರಿ. ಒಮ್ಮೆ ತೆರೆದ ದೊಡ್ಡ ಸೋಡಾ ಬಾಟಲಿ ಹೊರಗೆ ಇದ್ದಷ್ಟೂ ಸೊರಗುತ್ತದೆ, ಸಣ್ಣ ಬಾಟಲಿಗಳನ್ನೇ ತನ್ನಿ.

ಮದ್ಯ ಬೇಡದವರಿಗೆ ಸಕ್ಕರೆ ಹಾಕದ ಕಡು ಚಹಾ ಡಿಕಾಕ್ಷನ್ ತಣ್ಣಗೆ ಮಾಡಿ ರಮ್ಮಿನ ಜಾಗದಲ್ಲಿ ಅಷ್ಟೇ 45 ಮಿಲಿ ಹಾಕಿ. ರಮ್ ತೆಗೆದಾಗ ಬರೀ ಜ್ಯೂಸಿನಂತಾಗುವುದನ್ನು ಚಹಾದ ಒಗರು ತಡೆಯುತ್ತದೆ. ಸೊಪ್ಪನ್ನು ಮೂರು ನಿಮಿಷಕ್ಕಿಂತ ಹೆಚ್ಚು ನೆನೆಸಬೇಡಿ, ಫ್ರಿಜ್‌ನಲ್ಲಿ ಡಿಕಾಕ್ಷನ್ ಮಬ್ಬಾದರೆ ಒಂದು ಚಮಚ ಕುದಿನೀರು ಹಾಕಿ ಕಲಕಿದರೆ ತಿಳಿಯಾಗುತ್ತದೆ.